ಹತ್ತರಲ್ಲಿ ಎಷ್ಟು

ನನ್ನ ಎರಡೂ ಹೆಬ್ಬೆರಳುಗಳ ಬುಡ ನೋಯುತ್ತದೆ. ಇಪ್ಪತ್ತಾರು ವರ್ಷ ಬೇರೆಯವರ ಬೆನ್ನು, ಭುಜ, ಮೀನಖಂಡಗಳನ್ನು ಒತ್ತಿ ಒತ್ತಿ ಸಿಕ್ಕ ಬಳುವಳಿ ಅದು. ಬೆಳಿಗ್ಗೆ ಹಾಲಿನ ಪ್ಯಾಕೆಟ್ಟಿನ ತುದಿ ಹರಿಯಲಾಗದೆ ಹಲ್ಲಿನಿಂದ ಕಚ್ಚುತ್ತೇನೆ. ನೀರಿನ ಬಾಟಲಿಯ ಮುಚ್ಚಳ ತಿರುಗಿಸಲು ಸೆರಗು ಬೇಕು. ಎರಡು ವರ್ಷ ಇದನ್ನು ಯಾರಿಗೂ ಹೇಳಿರಲಿಲ್ಲ. ನೋವು ವಾಸಿ ಮಾಡುವವಳಿಗೇ ನೋವಿದೆ ಎಂದರೆ ಬಂದವರು ಚಪ್ಪಲಿ ಹಾಕಿಕೊಂಡು ವಾಪಸು ಹೋಗುತ್ತಾರೆ.

ನನ್ನ ಚಿಕಿತ್ಸಾಲಯ ಇರುವುದು ಒಂದು ಜಿಮ್ಮಿನ ಮೇಲಿನ ಮಹಡಿಯಲ್ಲಿ. ಎರಡು ಮಂಚ, ನಡುವೆ ಒಂದು ಹಸಿರು ಪರದೆ, ಒಂದು ಬಿಸಿನೀರಿನ ಪೆಟ್ಟಿಗೆ, ಐಸ್ ಇಡುವ ಚಿಕ್ಕ ಫ್ರಿಜ್, ಗೋಡೆಯ ಮೇಲೆ ಚರ್ಮ ಸುಲಿದ ಮನುಷ್ಯನ ಪಟ. ಕೆಳಗೆ ಯಾರಾದರೂ ಭಾರ ಎತ್ತಿ ದೊಪ್ಪನೆ ಬಿಟ್ಟರೆ ನನ್ನ ಮೇಜಿನ ಮೇಲಿನ ಲೋಟ ನಡುಗುತ್ತದೆ. ಹಾಗೆ ನಡುಗಿದ ಎರಡು ದಿನಕ್ಕೆ ಆ ಭಾರ ಎತ್ತಿದವನು ಸೊಂಟ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬರುತ್ತಾನೆ. ಕೆಳಗೆ ಕೆಡಿಸುತ್ತಾರೆ, ಮೇಲೆ ನಾನು ರಿಪೇರಿ ಮಾಡುತ್ತೇನೆ.

ಬಂದವರಿಗೆಲ್ಲ ನಾನು ಕೇಳುವ ಮೊದಲ ಪ್ರಶ್ನೆ ಒಂದೇ: ಹತ್ತರಲ್ಲಿ ಎಷ್ಟು? ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಡೆಯಲಾರದಷ್ಟು. ಕಾಲೇಜಿನಲ್ಲಿ ಹಾಗೆ ಕಲಿಸಿದ್ದರು. ಜನರ ಬಾಯಿಗೆ ಹೋದರೆ ಆ ಅಂಕೆಗಳು ಏನಾಗುತ್ತವೆ ಎಂಬುದನ್ನು ಮಾತ್ರ ಕಲಿಸಲಿಲ್ಲ.

ನಮ್ಮ ಬೀದಿಯ ಟೈಲರಮ್ಮನನ್ನೇ ನೋಡಿ. ಮಷೀನಿನ ಮೇಲೆ ಬಗ್ಗಿ ಬಗ್ಗಿ ಕತ್ತು ಹಿಡಿದುಕೊಂಡಿದೆ. ಎಷ್ಟು ಎಂದರೆ, "ಹತ್ತು ಮೇಡಂ. ಹತ್ತಕ್ಕಿಂತ ಮೇಲೆ ಇಲ್ವಾ?" ಎನ್ನುತ್ತಾಳೆ. ಹಾಗೆನ್ನುತ್ತಲೇ ಬಾಗಿಲಲ್ಲಿ ಬಂದವರು ಯಾರೆಂದು ಅದೇ ಕತ್ತನ್ನು ಸರಕ್ಕನೆ ತಿರುಗಿಸಿ ನೋಡುತ್ತಾಳೆ. ಅವಳ ಹತ್ತು ನನ್ನ ನಾಲ್ಕು. ಒಬ್ಬ ಬಸ್ ಡ್ರೈವರ್ ಬರುತ್ತಾನೆ, ಬೆನ್ನಿನದ್ದು. ಹಣೆಯಲ್ಲಿ ಬೆವರ ಹನಿ ಸಾಲಾಗಿ ನಿಂತಿದ್ದರೂ, "ಏನಿಲ್ಲ ಬಿಡಿ, ಒಂದೆರಡು ಇರ್ಬಹುದು" ಎನ್ನುತ್ತಾನೆ. ಅವನ ಎರಡು ನನ್ನ ಏಳು. ಆದ್ದರಿಂದ ನನ್ನ ಉದ್ದ ನೋಟ್‌ಬುಕ್ಕಿನಲ್ಲಿ ಪ್ರತಿ ರೋಗಿಯ ಪುಟದಲ್ಲೂ ಎರಡು ಸಾಲು ಎಳೆದಿದ್ದೇನೆ. ಒಂದರ ತಲೆಯಲ್ಲಿ 'ಅವರು ಹೇಳಿದ್ದು', ಇನ್ನೊಂದರ ತಲೆಯಲ್ಲಿ 'ನಿಜ'. ಆ ಎರಡನೇ ಸಾಲಿನ ಬಗ್ಗೆ ನನಗೆ ಜಂಬವಿತ್ತು. ಮನೆಯಲ್ಲಿ ಊಟಕ್ಕೆ ಕೂತಾಗ ಹೇಳಿಕೊಂಡು ನಗಿಸುತ್ತಿದ್ದೆ. ನಿಜ ಏನೆಂದು ಬರೆಯುವವಳು ನಾನು, ನೋಯುವವರಲ್ಲ ಎಂಬುದರಲ್ಲಿ ಏನೋ ತಪ್ಪಿದೆ ಎಂದು ಆಗ ಅನಿಸಿರಲಿಲ್ಲ.

ಅಂಕೆಯ ಆಚೆ ಇನ್ನೊಂದು ಸಂಗತಿಯನ್ನೂ ನೋಡುತ್ತೇನೆ: ಅವರು ನೋವನ್ನು ಹೇಗೆ ತೋರಿಸುತ್ತಾರೆ ಎಂದು. ಹೊಸದಾಗಿ ವ್ಯಾಯಾಮ ಶುರು ಮಾಡಿದವನಿಗೆ ಮಾರನೆಯ ದಿನ ಮೈಯೆಲ್ಲ ನುಗ್ಗಾಗುತ್ತದೆ, ಎರಡನೇ ದಿನ ಇನ್ನೂ ಹೆಚ್ಚುತ್ತದೆ, ಮೂರು ನಾಲ್ಕು ದಿನಕ್ಕೆ ತಾನಾಗಿ ಇಳಿಯುತ್ತದೆ. ಅದು ಪೆಟ್ಟಲ್ಲ. ಕೆಲಸ ಮಾಡದೆ ಬಿದ್ದಿದ್ದ ಸ್ನಾಯು ಎದ್ದು ಗೊಣಗುವುದು, ಅಷ್ಟೇ. ಅಂಥ ನೋವನ್ನು ಜನ ಅಂಗೈಯಿಂದ ತೋರಿಸುತ್ತಾರೆ, ತೊಡೆಯ ಮೇಲೆಲ್ಲ ಸವರುತ್ತಾ, "ಇಲ್ಲೆಲ್ಲಾ" ಎನ್ನುತ್ತಾರೆ. ಆದರೆ ಓಡುವಾಗ ದಿನಾ ಅದೇ ಜಾಗದಲ್ಲಿ ಬರುವ ನೋವು, ಮೊದಲು ಎರಡು ಮೈಲಿಗೆ, ಆಮೇಲೆ ಒಂದು ಮೈಲಿಗೆ, ಕೊನೆಗೆ ಸುಮ್ಮನೆ ಕೂತಾಗಲೂ ಬರುವ ನೋವು ಬೇರೆ. ಅದನ್ನು ಜನ ಒಂದೇ ಬೆರಳಿನಿಂದ ತೋರಿಸುತ್ತಾರೆ. "ಇಲ್ಲಿ" ಎನ್ನುತ್ತಾರೆ. ಅಂಗೈ ತೋರಿಸಿದವರು ನನ್ನ ಮಂಚಕ್ಕೆ, ಬೆರಳು ತೋರಿಸಿದವರು ಎಕ್ಸ್‌ರೇಗೆ. ಇದನ್ನು ನಾನು ಎಷ್ಟು ಸಾವಿರ ಸಲ ಹೇಳಿದ್ದೇನೋ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ.

ಇನ್ನು ನನ್ನ ತಮ್ಮನ ವಿಷಯ.

ನನಗಿಂತ ಐದು ವರ್ಷಕ್ಕೆ ಚಿಕ್ಕವನು, ನಲವತ್ತಾರು. ಮನೆಯಲ್ಲಿ ಅವನಿಗೆ ಇಟ್ಟ ಹೆಸರು ಅಳುಮುಂಜಿ. ಚಿಕ್ಕವನಿದ್ದಾಗ ಮಂಡಿ ತರಚಿದರೆ ಬೀದಿಯೇ ಬಾಗಿಲಿಗೆ ಬರುವಂತೆ ಅಳುತ್ತಿದ್ದ. ಅಂಥವನು ದೊಡ್ಡವನಾಗಿ ಅಗ್ನಿಶಾಮಕ ದಳ ಸೇರಿದ. ಇಪ್ಪತ್ತೆರಡು ವರ್ಷ ಗಾಡಿಯ ಹಿಂದಿನ ಎಡಗಡೆ ಸೀಟಿನಲ್ಲಿ ಕೂತು, ಉರಿಯುವ ಮನೆಗಳೊಳಗೆ ನುಗ್ಗಿ, ಜನರನ್ನು ಹೆಗಲ ಮೇಲೆ ಹೊತ್ತು ತಂದಿದ್ದಾನೆ. ಆದರೂ ನನ್ನ ಹತ್ತಿರ ಬಂದರೆ ಅದೇ ಹಳೇ ರಾಗ. ಅಕ್ಕಾ ಸತ್ತೆ, ಅಕ್ಕಾ ತಲೆ ಸಿಡೀತಿದೆ. ಅಕ್ಕನ ಮುಂದೆ ಮಾತ್ರ ಅವನು ಅಳುಮುಂಜಿಯಾಗಿಯೇ ಉಳಿದಿದ್ದ. ಅದು ಅವನ ಸಲಿಗೆ. ನಾನು ಅದನ್ನು ಅವನ ಸ್ವಭಾವ ಎಂದುಕೊಂಡಿದ್ದೆ.

ಅವರ ಇಲಾಖೆಯಲ್ಲಿ ನಲವತ್ತೈದು ದಾಟಿದವರಿಗೆ ವರ್ಷಕ್ಕೊಂದು ಪರೀಕ್ಷೆ. ಪೂರ್ತಿ ಉಡುಪು, ಭಾರದ ಬೂಟು ಹಾಕಿಕೊಂಡು, ನೀರಿನ ಪೈಪಿನ ಸುರುಳಿಯನ್ನು ಹೆಗಲಿಗೇರಿಸಿ, ಠಾಣೆಯ ಹಿಂದಿರುವ ಆರು ಮಹಡಿಯ ಕಾಂಕ್ರೀಟ್ ಗೋಪುರವನ್ನು ಹತ್ತಿ ಇಳಿಯಬೇಕು, ಆಮೇಲೆ ಎಂಬತ್ತು ಕೆಜಿಯ ಮೂಟೆಯನ್ನು ಮೂವತ್ತು ಮೀಟರ್ ಎಳೆಯಬೇಕು. ಅದಕ್ಕೊಂದು ಸಮಯ ಗೊತ್ತು ಮಾಡಿರುತ್ತಾರೆ. ತಪ್ಪಿದರೆ ಎಂಟು ವಾರದ ನಂತರ ಇನ್ನೊಂದು ಅವಕಾಶ. ಅದೂ ತಪ್ಪಿದರೆ ಗಾಡಿಯಿಂದ ಇಳಿಸಿ ಫೋನ್ ಕೋಣೆಗೆ ಹಾಕುತ್ತಾರೆ, ನಿವೃತ್ತಿಯವರೆಗೆ ಅಲ್ಲೇ.

ಮೊದಲ ಸಲ ತಮ್ಮ ನಲವತ್ತು ಸೆಕೆಂಡು ತಡವಾಗಿ ಸೋತ. ಅವತ್ತು ಸಂಜೆ ಚಿಕಿತ್ಸಾಲಯಕ್ಕೆ ಬಂದು, ಮಂಚದ ತುದಿಯಲ್ಲಿ ಕಾಲು ಇಳಿಬಿಟ್ಟು ಕೂತ.

"ಗಾಡಿ ಹೊರಡೋವಾಗ ನಾನು ಫೋನ್ ಹಿಡ್ಕೊಂಡು ಕೂತಿರೋದಾ ಅಕ್ಕ?" ಎಂದ. "ಸೈರನ್ ಕೇಳ್ಸತ್ತೆ, ಎಲ್ರೂ ಓಡ್ತಾರೆ, ನಾನು ಕಿಟಕಿಯಿಂದ ನೋಡ್ಬೇಕು. ನನಗೆ ಆಗಲ್ಲ."

ಅವನ ದನಿಯಲ್ಲಿ ಅಳುಮುಂಜಿ ಇರಲಿಲ್ಲ. ಒಂದು ಹಾಳೆಯ ಹಿಂಬದಿಯಲ್ಲಿ ಎಂಟು ವಾರದ ಪಟ್ಟಿ ಬರೆದುಕೊಟ್ಟೆ. ವಾರಕ್ಕೆ ಎಷ್ಟು ಮಹಡಿ, ಯಾವ ದಿನ ವಿಶ್ರಾಂತಿ, ಭಾರ ಯಾವಾಗ ಸೇರಿಸಬೇಕು.

"ಒಂದೊಂದು ವಾರ ಸ್ವಲ್ಪ ಸ್ವಲ್ಪನೇ ಹೆಚ್ಚಿಸು. ಆತುರ ಪಟ್ರೆ ಎಲ್ಲಾ ಕೆಡತ್ತೆ. ಬೂಟು ಕೊನೇ ಎರಡು ವಾರಕ್ಕೆ ಹಾಕ್ಕೋ, ಅಲ್ಲೀವರೆಗೂ ಓಡೋ ಶೂ."

"ಆಯ್ತು" ಎಂದು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡ. ಆ ಹಾಳೆ ಜೇಬಿನಿಂದ ಹೊರಗೆ ಬರಲೇ ಇಲ್ಲ ಎಂಬುದು ಆಮೇಲೆ ಗೊತ್ತಾಯಿತು. ಮೊದಲ ದಿನದಿಂದಲೇ ಬೂಟು, ಮೊದಲ ದಿನದಿಂದಲೇ ಮರಳಿನ ಚೀಲ, ಅವನಿರುವ ಕಟ್ಟಡದ ಮೆಟ್ಟಿಲು ದಿನಕ್ಕೆ ಎರಡು ಹೊತ್ತು. ಹೆದರಿದವನು ಪಟ್ಟಿ ನೋಡಿಕೊಂಡು ಓಡುವುದಿಲ್ಲ.

ಮೊದಲ ಭಾನುವಾರ ಅವನೂ ಅವರ ಠಾಣೆಯ ಗಾಡಿ ಓಡಿಸುವ ಡ್ರೈವರಣ್ಣನೂ ನಮ್ಮ ಮನೆಗೆ ಊಟಕ್ಕೆ ಬಂದರು. ತಮ್ಮ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದ. ಕುರ್ಚಿಯಲ್ಲಿ ಕೂರಲು ಎರಡು ಕೈ ಊರಿ, ನಡುವೆ ನಿಂತು, ಕಣ್ಣು ಮುಚ್ಚಿ, ಕೊನೆಗೆ ದೊಪ್ಪನೆ ಬಿದ್ದ.

"ಅಕ್ಕಾ, ಸತ್ತೆ."

"ಎಲ್ಲಿ?"

"ಎಲ್ಲಿಲ್ಲ ಅಂತ ಕೇಳು." ಎರಡೂ ಅಂಗೈಗಳಿಂದ ತೊಡೆಗಳನ್ನು ಮೇಲಿಂದ ಕೆಳಗೆ ಸವರಿದ.

"ಹತ್ತರಲ್ಲಿ ಎಷ್ಟು?"

"ಹದಿನಾಲ್ಕು."

ಅಮ್ಮ ಎಣ್ಣೆ ಬಟ್ಟಲು ಹಿಡಿದು ಓಡಿ ಬಂದಳು. ನಮ್ಮಮ್ಮನಿಗೆ ಎಪ್ಪತ್ತೇಳು, ಸ್ವಂತ ಮಂಡಿ ಮಡಚಲು ಬಾರದು, ಆದರೂ ಮಗನ ಕಾಲ ಬಳಿ ನೆಲಕ್ಕೆ ಕೂರಲು ನೋಡಿದಳು. ನನಗೆ ರೇಗಿತು. ಆ ವಾರ ಅರವತ್ತೊಂದು ಜನರನ್ನು ನೋಡಿದ್ದೆ. ಒಬ್ಬೊಬ್ಬರ ಗೋಳನ್ನೂ ಕೇಳಿ, ಒಬ್ಬೊಬ್ಬರಿಗೂ ಅದೇ ಮಾತು ಹೇಳಿ ನಾಲಗೆ ಒಣಗಿತ್ತು. ರಜದ ದಿನ ಮನೆಯಲ್ಲೂ ಒಬ್ಬ ಬೇಕಿತ್ತೇ?

"ಅಮ್ಮ, ಎದ್ದೇಳು. ಏನೂ ಆಗಿಲ್ಲ ಅವನಿಗೆ. ಬರೀ ಮೈಕೈ ನೋವು, ಮೂರು ದಿನಕ್ಕೆ ಹೋಗತ್ತೆ," ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. "ಇಷ್ಟಕ್ಕೇ ಹೀಗೆ ಗೋಳಾಡೋನನ್ನ ಗಾಡಿ ಮೇಲೆ ಯಾಕಪ್ಪಾ ಕೂರಿಸ್ತಾರೆ? ಫೋನ್ ಪಕ್ಕದಲ್ಲಿ ಕೂರಿಸೋದೇ ಸರಿ."

ಡ್ರೈವರಣ್ಣ ಹೋ ಎಂದು ನಕ್ಕ. ಅಮ್ಮನೂ ಬಾಯಿಗೆ ಸೆರಗು ಹಿಡಿದಳು. ತಮ್ಮನೂ ನಕ್ಕ. ಅವನ ನಗು ಎಲ್ಲರಿಗಿಂತ ಸ್ವಲ್ಪ ಮೊದಲೇ ನಿಂತಿತು. ಅದನ್ನು ನಾನು ನೋಡಿದೆ. ನೋಡಿ, ಅನ್ನ ಬಡಿಸಲು ಹೋದೆ.

ಬುಧವಾರ ಫೋನ್ ಮಾಡಿದ. "ನೀನು ಹೇಳ್ದಂಗೇ ಹೋಯ್ತು ಅಕ್ಕ, ನೋವಿಲ್ಲ." ನನ್ನ ಮಾತು ನಿಜವಾದುದಕ್ಕೆ ನನಗೆ ಖುಷಿಯಾಯಿತು. ಅಲ್ಲಿಂದ ಅವನು ಅಕ್ಕಾ ಸತ್ತೆ ಎನ್ನುವುದನ್ನು ಬಿಟ್ಟ. ಫೋನಿನಲ್ಲಿ ಹೇಗಿದ್ದೀಯ ಎಂದರೆ, ಚೆನ್ನಾಗಿದ್ದೀನಿ ಎನ್ನುತ್ತಿದ್ದ. ಅಂತೂ ದೊಡ್ಡವನಾದ ಎಂದುಕೊಂಡೆ.

ಐದನೇ ವಾರದ ಶನಿವಾರ ಸಂಜೆ ಮತ್ತೆ ಬಂದ. ನಾನು ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಮಾಡಿ ನಿಂತು ಹುರುಳಿಕಾಯಿ ಹೆಚ್ಚುತ್ತಿದ್ದೆ. ಅವತ್ತು ಹನ್ನೆರಡು ಜನ ಬಂದು ಹೋಗಿದ್ದರು. ಹೆಬ್ಬೆರಳು ಚಾಕು ಹಿಡಿಯಲು ಒಪ್ಪದೆ, ಚಾಕುವನ್ನು ಅಂಗೈಗೆ ಆನಿಸಿಕೊಂಡು ಒತ್ತುತ್ತಿದ್ದೆ. ಅಮ್ಮ ಪಕ್ಕದಲ್ಲಿ ಸ್ಟೂಲಿನ ಮೇಲೆ ಕೂತು ತುದಿ ಮುರಿದುಕೊಡುತ್ತಿದ್ದಳು.

"ಅಕ್ಕ, ಕಾಲು ಸ್ವಲ್ಪ ನೋಯ್ತಿದೆ," ಎಂದ ಬಾಗಿಲಿನಿಂದ. "ಇಲ್ಲಿ."

"ಹತ್ತರಲ್ಲಿ ಎಷ್ಟು?"

"ನಾಲ್ಕು."

ಅಳುಮುಂಜಿಯ ನಾಲ್ಕು ಎಂದರೆ ಎರಡು. ನನ್ನ ತಲೆ ಆ ಕೆಲಸವನ್ನು ನನ್ನನ್ನು ಕೇಳದೆಯೇ ಮಾಡಿ ಮುಗಿಸಿತು. ಹದಿನಾಲ್ಕರಿಂದ ನಾಲ್ಕಕ್ಕೆ ಇಳಿದಿದ್ದಾನೆ, ಅಂದರೆ ಮೈ ಹದಕ್ಕೆ ಬರುತ್ತಿದೆ.

"ಮೀನಖಂಡ ಬಿಗಿದಿರತ್ತೆ," ಎಂದೆ. "ಮೆಟ್ಟಿಲು ಹತ್ತಿದ ಮೇಲೆ ಗೋಡೆಗೆ ಕೈ ಕೊಟ್ಟು ಕಾಲು ಚಾಚು. ಐಸ್ ಇಡು, ಹತ್ತು ನಿಮಿಷ."

"ನಿಲ್ಲಿಸ್ಲಾ? ಹತ್ಬಹುದಾ?"

"ಹತ್ತು. ಈಗ ನಿಲ್ಲಿಸಿದ್ರೆ ಇಷ್ಟು ದಿನ ಮಾಡಿದ್ದೆಲ್ಲಾ ನೀರಲ್ಲಿ ಹೋಮ."

ಬಾಗಿಲಲ್ಲಿ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದ. ಆಮೇಲೆ, "ಆಯ್ತು ಬಿಡು," ಎಂದ. ಊಟ ಮಾಡಿಕೊಂಡು ಹೋಗು ಎಂದರೆ ಡ್ಯೂಟಿ ಇದೆ ಎಂದ. ಅವನು ಹೋದ ಮೇಲೆ ತಿರುಗಿ ನೋಡಿದೆ, ಬಾಗಿಲು ಖಾಲಿ. ಸೋಮವಾರ ಚಿಕಿತ್ಸಾಲಯದಲ್ಲಿ ನೋಟ್‌ಬುಕ್ ತೆರೆದು ಅವನ ಪುಟದಲ್ಲಿ ಬರೆದೆ. ಅವರು ಹೇಳಿದ್ದು: ನಾಲ್ಕು. ನಿಜ: ಎರಡು.

ಮೂರು ವಾರದ ನಂತರ, ಪರೀಕ್ಷೆಯ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಟೈಲರಮ್ಮ ಮಂಚದ ಮೇಲೆ ಬೋರಲಾಗಿ ಮಲಗಿ ತನ್ನ ಸೊಸೆಯ ಕಥೆ ಹೇಳುತ್ತಿದ್ದಳು. ನನ್ನ ಕಣ್ಣು ಗಡಿಯಾರದ ಮೇಲಿತ್ತು. ಹತ್ತೂವರೆಗೆ ಶುರು ಎಂದಿದ್ದ. ಫೋನ್ ಬಂತು. ತಮ್ಮನ ನಂಬರ್, ದನಿ ಮಾತ್ರ ಡ್ರೈವರಣ್ಣನದು.

"ಮೇಡಂ, ನೀವು ಸ್ವಲ್ಪ ಆಸ್ಪತ್ರೆಗೆ ಬರ್ತೀರಾ. ಕಾಲು ಮುರ್ಕೊಂಡಿದ್ದಾನೆ."

"ಬಿದ್ನಾ?"

"ಬಿದ್ದು ಮುರೀಲಿಲ್ಲ ಮೇಡಂ. ಮುರಿದು ಬಿದ್ದ. ಆರೂ ಮಹಡಿ ಹತ್ತಿ ಇಳೀತಿದ್ದ, ಎರಡನೇ ಮಹಡಿಗೆ ಬಂದಿದ್ದ. ಕೋಲು ಮುರಿದಂಗೆ ಸದ್ದು ಬಂತು, ಕೆಳಗಿದ್ದೋರಿಗೂ ಕೇಳ್ತು. ಗಡಿಯಾರ ನನ್ನ ಕೈಯಲ್ಲೇ ಇತ್ತು. ಇಳಿದು ಮೂಟೆ ಎಳೆಯೋದಷ್ಟೇ ಬಾಕಿ, ಇನ್ನೂ ಒಂದು ನಿಮಿಷದ ಮೇಲೆ ಮಿಕ್ಕಿತ್ತು ಮೇಡಂ. ಆರಾಮಾಗಿ ಗೆಲ್ತಿದ್ದ."

ಟೈಲರಮ್ಮ ಕತ್ತೆತ್ತಿ, ಏನಾಯ್ತು ಮೇಡಂ ಎಂದಳು. ಅವಳ ಬೆನ್ನಿನ ಮೇಲಿದ್ದ ಬಿಸಿನೀರಿನ ಚೀಲವನ್ನು ತೆಗೆಯದೆ ಹಾಗೇ ಹೊರಟುಬಿಟ್ಟೆ. ಆ ಚೀಲವನ್ನು ಮರುದಿನ ಅವಳೇ ತಂದುಕೊಟ್ಟಳು.

ಮೂಳೆ ಡಾಕ್ಟರು ನನಗೆ ಪರಿಚಯದವರು. ಹದಿನೈದು ವರ್ಷದಿಂದ ಅವರು ನನಗೆ ರೋಗಿಗಳನ್ನು ಕಳಿಸುತ್ತಾರೆ, ನಾನು ಅವರಿಗೆ ಕಳಿಸುತ್ತೇನೆ. ತಮ್ಮನ ಮಂಚದ ಪಕ್ಕ ನಿಂತು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಮಂಡಿಗೂ ಪಾದಕ್ಕೂ ನಡುವಿನ ಮೂಳೆ ಎರಡು ತುಂಡಾಗಿತ್ತು. ಡಾಕ್ಟರು ತೋರಿಸಿದ್ದು ಮುರಿದ ಜಾಗವನ್ನಲ್ಲ, ಅದರ ಸುತ್ತ ಮೋಡದ ಹಾಗೆ ಬೆಳ್ಳಗೆ ಕಾಣುತ್ತಿದ್ದ ಗೆರೆಯನ್ನು.

"ಇದು ಇವತ್ತಿಂದಲ್ಲ. ಕೂದಲೆಳೆಯಷ್ಟು ಬಿರುಕು ಬಿಟ್ಟು ಮೂರು ನಾಲ್ಕು ವಾರ ಆಗಿದೆ. ಮೂಳೆ ಪಾಪ ತಾನೇ ತೇಪೆ ಹಾಕ್ಕೊಳ್ಳೋಕೆ ನೋಡಿದೆ, ಇವರು ಅದರ ಮೇಲೇ ಭಾರ ಹೊತ್ತು ಹತ್ತಿದ್ದಾರೆ. ಆಗಲೇ ಆರು ವಾರ ಸುಮ್ನೆ ಕೂತಿದ್ರೆ ತಾನೇ ಕೂಡ್ಕೊಳ್ತಿತ್ತು. ಪರೀಕ್ಷೆನ ಮುಂದಕ್ಕೆ ಹಾಕಿ ಅಂತ ನಾನೇ ಒಂದು ಚೀಟಿ ಬರ್ಕೊಡ್ತಿದ್ದೆ." ತಮ್ಮನ ಕಡೆ ತಿರುಗಿದರು. "ನೋವಿತ್ತಲ್ಲಪ್ಪಾ, ಯಾರಿಗೂ ತೋರಿಸ್ಲಿಲ್ವಾ? ಮನೇಲೇ ಅಕ್ಕ ಇದ್ದಾರೆ."

ತಮ್ಮ ನನ್ನನ್ನು ನೋಡಲಿಲ್ಲ. ಚಾವಣಿಯ ಫ್ಯಾನ್ ನೋಡುತ್ತಾ ಹೇಳಿದ, "ಇಲ್ಲ ಡಾಕ್ಟ್ರೇ. ಯಾರಿಗೂ ತೋರಿಸ್ಲಿಲ್ಲ."

ನಾನು ಬಾಯಿ ಬಿಡಬೇಕಿತ್ತು. ತೋರಿಸಲು ಬಂದಿದ್ದ, ನಾನೇ ಮೆಟ್ಟಿಲು ಹತ್ತು ಎಂದೆ ಎನ್ನಬೇಕಿತ್ತು. ಹದಿನೈದು ವರ್ಷದ ಹೆಸರು, ಕಳಿಸುವ ರೋಗಿಗಳು, ಎದುರಿಗೆ ನಿಂತ ಇಬ್ಬರು ನರ್ಸುಗಳು, ಎಲ್ಲ ಒಟ್ಟಿಗೆ ನನ್ನ ನಾಲಗೆಯ ಮೇಲೆ ಕೂತವು. ಡಾಕ್ಟರು, "ಈ ಗಂಡಸರೇ ಹೀಗೆ, ನೋವು ಮುಚ್ಚಿಡ್ತಾರೆ" ಎಂದು ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ಈ ತಲೆಯನ್ನು ಅವತ್ತಿನಷ್ಟು ನಾನು ಎಂದೂ ದ್ವೇಷಿಸಿಲ್ಲ.

ಮನೆಗೆ ಬಂದಾಗ ಅಮ್ಮ ಅದೇ ಸ್ಟೂಲಿನ ಮೇಲೆ ಕೂತಿದ್ದಳು. ಎಲ್ಲ ಹೇಳಿದೆ. ಕೇಳಿ, "ಅವತ್ತು ತೋರಿಸಿದ ಜಾಗಾನೇನಾ?" ಎಂದಳು.

"ಯಾವತ್ತು?"

"ಹುರುಳಿಕಾಯಿ ಹೆಚ್ತಿದ್ಯಲ್ಲ, ಅವತ್ತು. ಪ್ಯಾಂಟು ಮೇಲಕ್ಕೆತ್ತಿ, ಬಗ್ಗಿ, ಇಲ್ಲಿ ಅಂತ ಬೆರಳಿಟ್ಟು ತೋರಿಸಿದ್ನಲ್ಲೇ. ನೀನು ತಿರುಗಲೇ ಇಲ್ಲ."

"ಅಂಗೈ ಇಟ್ನಾ, ಬೆರಳಿಟ್ನಾ?"

"ಬೆರಳು ಕಣೇ. ಒಂದೇ ಬೆರಳು."

"ಆಗಲೇ ಯಾಕಮ್ಮಾ ಹೇಳ್ಲಿಲ್ಲ?"

"ನನಗೇನು ಗೊತ್ತಾಗತ್ತೆ. ನೀನು ಓದಿದೋಳು, ನೀನು ಹತ್ತು ಅಂದೆ," ಎಂದಳು ಅಮ್ಮ. ಸಿಟ್ಟಿರಲಿಲ್ಲ ಅವಳ ಮಾತಿನಲ್ಲಿ. ಸಿಟ್ಟಿದ್ದರೆ ಜಗಳವಾಡಿ ಹಗುರಾಗಬಹುದಿತ್ತು.

ಮೂಳೆಯೊಳಗೆ ಕಂಬಿ ಹಾಕಿದರು. ನಾಲ್ಕು ತಿಂಗಳಾಯಿತು. ಇಲಾಖೆಯವರು ಒಳ್ಳೆಯ ಮಾತಿನಲ್ಲೇ ಕಾಗದ ಕಳಿಸಿದರು: ಇಷ್ಟು ವರ್ಷದ ಸೇವೆಗೆ ಧನ್ಯವಾದ, ಇನ್ನು ಮುಂದೆ ಫೋನ್ ಕೋಣೆ. ಅವನ ಎಡಗಡೆ ಸೀಟಿನಲ್ಲಿ ಈಗ ಬೇರೆ ಯಾರೋ ಕೂರುತ್ತಾರೆ. ತಮ್ಮ ಕೋಲು ಊರಿಕೊಂಡು ಕೆಲಸಕ್ಕೆ ಹೋಗತೊಡಗಿದ ವಾರವೇ ಮೂಳೆ ಡಾಕ್ಟರು ಅವನನ್ನು ನನ್ನ ಬಳಿಗೆ ಕಳಿಸಿದರು. ಚೀಟಿಯಲ್ಲಿ, ಕಾಲಿಗೆ ಬಲ ಬರುವ ವ್ಯಾಯಾಮ, ವಾರಕ್ಕೆ ಮೂರು ಸಲ ಎಂದಿತ್ತು. ಬೇರೆ ಯಾರ ಹತ್ತಿರವಾದರೂ ಹೋಗುತ್ತಾನೆ ಎಂದುಕೊಂಡಿದ್ದೆ. ಹೋಗಲಿ ಎಂದು ಆಸೆಯೂ ಇತ್ತು.

ಮಧ್ಯಾಹ್ನ ಮೂರು ಗಂಟೆಗೆ ಬಂದ. ಕೆಳಗಿನ ಜಿಮ್ ಖಾಲಿ ಇರುವ ಹೊತ್ತು, ಲೋಟ ನಡುಗುತ್ತಿರಲಿಲ್ಲ. ಕೋಲನ್ನು ಗೋಡೆಗೆ ಒರಗಿಸಿ ಮಂಚದ ತುದಿಯಲ್ಲಿ ಕೂತ, ಮೊದಲ ದಿನ ಕೂತಿದ್ದ ಜಾಗದಲ್ಲೇ. ನಾನು ನೋಟ್‌ಬುಕ್ ತೆರೆದೆ. ಅವನ ಪುಟ ಹುಡುಕುವಾಗ ಮುಚ್ಚಿಕೊಳ್ಳಬೇಕಿತ್ತು, ನೆನಪಾಗಲಿಲ್ಲ. ಅವನು ಬಗ್ಗಿ ನೋಡಿದ. ಅವರು ಹೇಳಿದ್ದು ನಾಲ್ಕು, ನಿಜ ಎರಡು. ದಿನಾಂಕ ಸಮೇತ.

ಓದಿದ.

"ನಾನು ಡಾಕ್ಟ್ರ ಹತ್ರ ಹೋಗಿ ಹೇಳ್ತೀನಿ ಕಣೋ," ಎಂದೆ. "ನೀನು ನನಗೆ ತೋರಿಸಿದ್ದೆ ಅಂತ. ಸುಳ್ಳು ಯಾಕೆ ಹೇಳಿದೆ ನೀನು?"

"ಸುಳ್ಳೇನಿಲ್ಲ ಬಿಡು. ನೀನು ನೋಡ್ಲಿಲ್ವಲ್ಲ."

ಚುಚ್ಚಬೇಕೆಂದು ಹೇಳಿದ್ದಲ್ಲ. ಇದ್ದದ್ದನ್ನು ಹೇಳಿದ, ಅಷ್ಟೇ. ಅಭ್ಯಾಸಬಲದಿಂದ ಪೆನ್ನಿನ ಕ್ಯಾಪ್ ತೆಗೆದು ಕೇಳಿಬಿಟ್ಟೆ, "ಈಗ ನೋವು ಹತ್ತರಲ್ಲಿ ಎಷ್ಟು?"

"ಎಷ್ಟು ಹೇಳ್ಲಿ?" ಎಂದ.

"ಅಂದ್ರೆ?"

"ಅವತ್ತು ಎಂಟಿತ್ತು ಅಕ್ಕ. ಎಂಟು ಅಂದ್ರೆ ಮತ್ತೆ ಗೋಳು ಅಂತೀಯ, ಫೋನ್ ಪಕ್ಕ ಕೂತ್ಕೋ ಅಂತೀಯ ಅಂತ ನಾನೇ ಅರ್ಧ ಮಾಡ್ದೆ. ನೀನು ಅದರಲ್ಲೂ ಅರ್ಧ ಮಾಡಿದ್ದೀಯ." ನೋಟ್‌ಬುಕ್ಕಿನ ಕಡೆ ಗದ್ದ ತೋರಿಸಿದ. "ಇಬ್ರೂ ಸೇರಿ ಎರಡಕ್ಕೆ ಇಳ್ಸಿದ್ವಿ. ಅದಕ್ಕೇ ಕೇಳ್ದೆ, ಈಗ ಎಷ್ಟು ಹೇಳಿದ್ರೆ ಸರಿಹೋಗತ್ತೆ ಅಂತ."

ಪೆನ್ನು ಕೆಳಗಿಟ್ಟೆ. ಕಣ್ಣು ತುಂಬಿ ಬಂತು. ನಾನು ಅಳುವುದು ಕಡಿಮೆ, ಆ ಕೆಲಸವನ್ನು ಅವನಿಗೆ ಬಿಟ್ಟುಕೊಟ್ಟವಳು ನಾನು. ಅವನು ಸಮಾಧಾನ ಮಾಡಲು ಹೋಗಲಿಲ್ಲ. ಕಿಟಕಿಯ ಕಡೆ ನೋಡುತ್ತಾ ತನ್ನ ಹೊಸ ಕೆಲಸದ ವಿಷಯ ತೆಗೆದ. ದನಿಯಲ್ಲಿ ದಣಿವಿತ್ತು, ದಿನವಿಡೀ ಮಾತಾಡಿದವನ ದಣಿವು. ಆ ದಣಿವು ನನಗೆ ಚೆನ್ನಾಗಿ ಗೊತ್ತು.

"ದಿನಕ್ಕೆ ಎಪ್ಪತ್ತು ಎಂಬತ್ತು ಫೋನ್ ಬರತ್ತೆ. ಒಬ್ಬ ಬೀದಿನೇ ಉರೀತಿದೆ ಅಂತಾನೆ, ಹೋಗಿ ನೋಡಿದ್ರೆ ಕಸದ ತೊಟ್ಟಿ. ಮೊನ್ನೆ ಒಬ್ಬರು ಅಜ್ಜಿ, ಸ್ವಲ್ಪ ಹೊಗೆ ಬರ್ತಿದೆ ಮಗಾ, ನಿಮಗೆ ಪುರುಸೊತ್ತಾದಾಗ ಬನ್ನಿ ಅಂದ್ರು. ಹೋಗೋ ಹೊತ್ತಿಗೆ ಅಡುಗೆಮನೆ ಪೂರ್ತಿ ಹತ್ಕೊಂಡಿತ್ತು. ಪಕ್ಕದಲ್ಲಿ ಕೂರೋ ಹಳಬರು ಹೇಳ್ತಾರೆ, ದನಿ ಕೇಳಿದ್ರೆ ಸಾಕು, ಇದು ದೊಡ್ಡದು ಇದು ಸಣ್ಣದು ಅಂತ ಗೊತ್ತಾಗತ್ತೆ, ಎಲ್ಲದಕ್ಕೂ ಕಳಿಸ್ಬೇಡ ಅಂತ."

"ನೀನೇನು ಮಾಡ್ತೀಯ?"

"ಗಾಡಿ ಕಳಿಸ್ತೀನಿ. ಯಾರು ಎಷ್ಟಂದ್ರೂ ಕಳಿಸ್ತೀನಿ. ಬೈತಾರೆ, ಬೈಲಿ."

ನಾನು ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟು, ಸ್ಟೂಲಿನಿಂದ ಇಳಿದು, ಅವನ ಕಾಲಿನ ಎದುರು ನೆಲದ ಮೇಲೆ ಕೂತೆ. ಕೂರುವಾಗ ಕೈ ಊರಿದ್ದಕ್ಕೆ ಹೆಬ್ಬೆರಳು ಚಳಕ್ಕೆಂದಿತು.

"ನಿನ್ನ ಕೈಗೇನಾಯ್ತು?" ಎಂದ ತಕ್ಷಣ. ಅವನು ನೋಡಿದ್ದ.

"ನೋಯತ್ತೆ. ಎರಡು ವರ್ಷದಿಂದ," ಎಂದೆ. ಮೊದಲ ಸಲ ಒಬ್ಬರಿಗೆ ಹೇಳಿದ್ದು ಅದು. "ಅದಿರಲಿ. ನೀನು ತೋರಿಸು. ಎಲ್ಲಿ?"

ಪ್ಯಾಂಟಿನ ಅಂಚನ್ನು ಮಡಚಿ ಮೇಲಕ್ಕೆತ್ತಿದ. ಗಾಯದ ಗುರುತು ಮಂಡಿಯ ಕೆಳಗೆ ನೆಟ್ಟಗೆ ಒಂದು ಗೇಣು ಇಳಿದಿತ್ತು. ಅದರ ಪಕ್ಕದಲ್ಲಿ, ಮೂಳೆಯ ಮೇಲೆ, ತೋರುಬೆರಳಿನ ತುದಿ ಇಟ್ಟ.

"ಇಲ್ಲಿ."

ಒಂದೇ ಬೆರಳು. ಅವನು ತೆಗೆಯುವವರೆಗೂ ನಾನು ಆ ಬೆರಳನ್ನು ನೋಡುತ್ತಲೇ ಇದ್ದೆ. ಎಷ್ಟು ಎಂದು ಕೇಳಲಿಲ್ಲ, ಅವನಾಗಿಯೇ ಹೇಳಿದ.

"ಆರು."

ಮೇಜಿನ ಅಂಚು ಹಿಡಿದು ಎದ್ದೆ. ಎರಡೂ ಸಾಲಿನಲ್ಲಿ ಆರು ಎಂದು ಬರೆದು, ಎಕ್ಸ್‌ರೇಗೆ ಚೀಟಿ ಬರೆದೆ. ಅವನಿಗೆ ಕೋಲು ಕೊಟ್ಟು, ಮೂಳೆ ಡಾಕ್ಟರ ಹತ್ತಿರ ನಾನೂ ಬರುತ್ತೇನೆ ಎಂದು ಬಾಗಿಲಿಗೆ ಬೀಗ ಹಾಕಿದೆ. ನಾಲ್ಕು ಗಂಟೆಗೆ ಟೈಲರಮ್ಮ ಬರುವವಳಿದ್ದಳು. ಮೆಟ್ಟಿಲು ಇಳಿಯುತ್ತಾ ಅವಳಿಗೆ ಫೋನ್ ಮಾಡಿ, ನಾಳೆ ಬನ್ನಿ, ಕತ್ತಿಗೊಂದು ಎಕ್ಸ್‌ರೇ ತೆಗೆಸಿಬಿಡೋಣ ಎಂದೆ.